ಅಂಚಿನ ತೂತುಗಳು

ಮಕ್ತಲಿನ ಆ ಮನೆಯ ನಡುಮನೆಯಲ್ಲಿ ಮಗ್ಗದ ಕುಣಿ ಈಗಲೂ ಇದೆ, ಮಗ್ಗವಿಲ್ಲ. ಕುಣಿಯ ಬಾಯಿಗೆ ಎರಡು ಹಲಗೆ ಹಾಸಿ, ಅದರ ಮೇಲೊಂದು ಮೇಜಿಟ್ಟು, ಮನೆಯ ಮಗಳು ಅಲ್ಲಿ ಕುಳಿತು ಕೆಲಸ ಮಾಡುತ್ತಾಳೆ. ತಂದೆ ಮೂವತ್ತು ವರ್ಷ ಕಾಲು ಇಳಿಬಿಟ್ಟು ಕುಳಿತ ಜಾಗವದು. ರಾಯಚೂರಿನಲ್ಲಿ ಐಚ್ಛಿಕ ಕನ್ನಡ ಓದಿ ಪದವಿ ಪಡೆದವಳು ಹೈದರಾಬಾದಿಗೆ ಹೋಗಿ ವಿನ್ಯಾಸ ಕಲಿತಳು. ಅಲ್ಲಿ ಎರಡು ವರ್ಷ ಸಂಬಳಕ್ಕೆ ದುಡಿದು ಊರಿಗೆ ಮರಳಿದಳು. ಮದುವೆಯ ಕರೆಯೋಲೆ, ಅಂಗಡಿಯ ಫಲಕ, ಚೀಲದ ಮೇಲಿನ ಚಿಹ್ನೆ, ಔಷಧಿ ಅಂಗಡಿಯ ಬಿಲ್ಲು ಪುಸ್ತಕ, ಹೀಗೆ ಬಂದದ್ದನ್ನೆಲ್ಲ ಮಾಡಿಕೊಟ್ಟಳು. ನಾರಾಯಣಪೇಟೆ, ಗದ್ವಾಲಗಳ ಬಜಾರುಗಳಲ್ಲಿ ಅವಳು ರೂಪಿಸಿದ ಫಲಕಗಳು ತೂಗುತ್ತಿವೆ. ಅವುಗಳ ಕೆಳಗೆ ಎಲ್ಲಿಯೂ ಅವಳ ಹೆಸರಿಲ್ಲ. ಇರಬೇಕೆಂದು ಅವಳಿಗೆ ಆಗ ಅನಿಸಿಯೂ ಇರಲಿಲ್ಲ.

ಕಳೆದ ವರ್ಷದಿಂದ ಅವಳು ಬಟ್ಟೆಯ ಕೆಲಸಕ್ಕೂ ಕೈಹಾಕಿದ್ದಾಳೆ. ನಾರಾಯಣಪೇಟೆಯ ಎರಡು ಮಗ್ಗ, ಗದ್ವಾಲದ ಒಂದು ಮಗ್ಗ. ಬಣ್ಣದ ಹೊಂದಿಕೆ ಅವಳದು, ನೂಲಿನ ಖರ್ಚು ಅವಳದು, ನೇಯ್ಗೆ ನೇಕಾರರದು. ಮೊದಲ ಹಾಸು ಮುಗಿಯುವ ಹೊತ್ತಿಗೆ ಬೆಂಗಳೂರಿನ ಒಂದು ಕೈಮಗ್ಗ ಪ್ರದರ್ಶನದಲ್ಲಿ ಅವಳಿಗೊಂದು ಜಾಗ ದೊರೆಯಿತು. ಹದಿನೈದು ದಿನಗಳೊಳಗೆ ಹೆಸರು, ಲಾಂಛನ, ಸೀರೆಗೆ ಕಟ್ಟುವ ಚೀಟಿ, ಇವಿಷ್ಟನ್ನು ಕಳಿಸಬೇಕೆಂದು ಪತ್ರ ಬಂತು. ಪರರಿಗಾಗಿ ಮೂರು ದಿನಗಳಲ್ಲಿ ಮಾಡಿಕೊಡುತ್ತಿದ್ದ ಕೆಲಸ. ತನಗಾಗಿ ಮಾಡಿಕೊಳ್ಳಲು ಕುಳಿತಾಗ ಹತ್ತು ದಿನ ಕಳೆದರೂ ಹಾಳೆ ಬಿಳಿಯಾಗಿಯೇ ಉಳಿಯಿತು.

ಬಿಳಿಯಾಗಿ ಎಂದರೆ ಸರಿಯಾಗಲಿಕ್ಕಿಲ್ಲ. ಮೊದಲ ದಿನವೇ ಒಂದು ಚಿತ್ರ ಸಿದ್ಧವಾಗಿತ್ತು. ನಾರಾಯಣಪೇಟೆ ಸೀರೆಯ ಅಂಚಿನಿಂದ ಒಡಲಿನ ಕಡೆಗೆ ಮುಖಮಾಡಿ ಸಾಲಾಗಿ ಏರುವ ಗುಡಿಗೋಪುರದ ತ್ರಿಕೋನಗಳನ್ನು ಕಂಡವರು ಮರೆಯುವುದಿಲ್ಲ. ಅದರಲ್ಲಿ ಒಂದನ್ನು ಎತ್ತಿಕೊಂಡು, ಕೆಳಗೆ ‘ನಾರಾಯಣಪೇಟೆ’ ಎಂದು ಬರೆದು, ಪಕ್ಕದಲ್ಲಿ ತನ್ನ ಹೆಸರನ್ನು ಚಿಕ್ಕದಾಗಿ ಇಟ್ಟಿದ್ದಳು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ತಂದೆ ಕನ್ನಡಕ ಏರಿಸಿ ನೋಡಿ ಕೇಳಿದ್ದು ಒಂದೇ ಮಾತು: “ಗುಡಿ ಎಲ್ಲಾರದವ್ವ. ನಂದು ಅಂತ ನೀ ಒಬ್ಬಾಕಿ ಹೆಂಗ ಬರ್ಕೊಂತಿ?”

ತಂದೆಗೆ ಕಾನೂನು ತಿಳಿಯದು. ಆದರೆ ಆ ಮಾತಿನಲ್ಲಿ ಕಾನೂನು ಇತ್ತು. ನಾರಾಯಣಪೇಟೆಯ ಕೈಮಗ್ಗದ ಸೀರೆಗೂ ಗದ್ವಾಲದ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 1999ರಲ್ಲಿ ಸಂಸತ್ತು ಅಂಗೀಕರಿಸಿ 2003ರಲ್ಲಿ ಜಾರಿಗೆ ಬಂದ ಆ ಕಾಯಿದೆಯ ಮರ್ಮವೇ ಇಷ್ಟು: ಊರಿನ ಹೆಸರಿನೊಂದಿಗೆ ಬೆಳೆದುಬಂದ ಕೌಶಲ ಆ ಊರಿನ ಉತ್ಪಾದಕರೆಲ್ಲರಿಗೂ ಸೇರಿದ್ದು. ಆ ಹೆಸರನ್ನು ಮಾರಲು ಬರುವುದಿಲ್ಲ, ಅಡವಿಡಲು ಬರುವುದಿಲ್ಲ. ವ್ಯಾಪಾರ ಚಿಹ್ನೆಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದು ಒಬ್ಬನನ್ನು ಉಳಿದವರಿಂದ ಬೇರ್ಪಡಿಸಲೆಂದೇ ಹುಟ್ಟಿದ್ದು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಹೊರಟದ್ದು ತನ್ನ ಮೊದಲ ತಪ್ಪೆಂದು ಅವಳಿಗೆ ಹೊಳೆಯಿತು. ಇಷ್ಟಕ್ಕೂ ಆ ಗುಡಿಯಂಚು ನಾರಾಯಣಪೇಟೆಯದು ಮಾತ್ರವೇ? ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಾಗ ಜೊತೆಗೆ ಬಂದ ನೇಕಾರರು ಇಲ್ಲಿಯೇ ಉಳಿದರೆಂದು ಊರವರು ಹೇಳುತ್ತಾರೆ. ಮಹಾರಾಷ್ಟ್ರದ ಚೌಕಳಿಯ ಛಾಯೆ ಈ ಸೀರೆಗಳಲ್ಲಿ ಇದ್ದೇ ಇದೆ. ಪಶ್ಚಿಮಕ್ಕೆ ಹೋದರೆ ಇಳಕಲ್ಲಿನ ದಡಿ, ಅದರ ಕೆಂಪು ಸೆರಗು. ಗಡಿಯ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಇವೆಲ್ಲ ಒಂದರ ಮೇಲೊಂದು ಮಡಿಸಿಟ್ಟಿರುತ್ತವೆ. ಅಂಚಿಗೆ ಗಡಿಕಲ್ಲು ನೆಡುವುದು ಕಷ್ಟ.

ಆ ಚಿತ್ರವನ್ನು ಅವಳು ಅಳಿಸಿದಳು. ಚರಕ, ಲಾಳಿ, ನೂಲಿನ ಉಂಡೆಗಳನ್ನು ಮೊದಲೇ ಬಿಟ್ಟಿದ್ದಳು. ಕೈಮಗ್ಗವೆಂದೊಡನೆ ಎಲ್ಲರೂ ಬರೆಯುವುದು ಅವನ್ನೇ. ಚಿಹ್ನೆ ವಸ್ತುವಿನ ಚಿತ್ರವಾಗಿರಲೇಬೇಕೆಂಬ ನಿಯಮವೂ ಇಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವುದು ಗಂಧದ ಮರವಲ್ಲ, ಸಿಂಹದ ಒಡಲಿಗೆ ಆನೆಯ ಮುಖವುಳ್ಳ ಶರಭ. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ ಕಾಮತರು ಸ್ಟೇಟ್ ಬ್ಯಾಂಕಿಗೆ ರೂಪಿಸಿಕೊಟ್ಟದ್ದು ಒಂದು ನೀಲಿ ವೃತ್ತ, ನಡುವೆ ಒಂದು ಬಿಂದು, ಅದರಿಂದ ಕೆಳಗಿಳಿಯುವ ಒಂದು ಸೀಳು. ಅದರಲ್ಲಿ ಬೀಗದ ಕಿಂಡಿ ಕಂಡವರುಂಟು, ಕೆರೆ ಕಂಡವರುಂಟು. ಹಳ್ಳಿಯ ಅಕ್ಷರ ಬಾರದ ಮುದುಕಿಯೂ ಅದನ್ನು ನೋಡಿ ತನ್ನ ಪಿಂಚಣಿಯ ಬ್ಯಾಂಕು ಯಾವುದೆಂದು ಗುರುತಿಸುತ್ತಾಳೆ. ಚಿಹ್ನೆಯ ಕೆಲಸ ಅಷ್ಟೇ.

ಲಾಂಛನ ಕೈಕೊಟ್ಟಾಗ ಅವಳು ಹೆಸರಿನ ಕಡೆಗೆ ತಿರುಗಿದಳು. ಇಲ್ಲಿ ಅವಳ ಕನ್ನಡದ ಓದು ನೆರವಿಗೆ ಬಂತೋ ತೊಡಕಾಯಿತೋ ಹೇಳುವುದು ಕಷ್ಟ. ತರಗತಿಯಲ್ಲಿ ಅಂಕಿತವೆಂದರೆ ವಚನವೊಂದು ಯಾರದೆಂದು ತಿಳಿಯುವ ಸಾಧನವೆಂದು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು ಮರೆತಿದ್ದಳು. ಈಗ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಿಗೆ ನಿಂತಿತು. ಮಕ್ತಲಿನಿಂದ ಗಡಿ ದಾಟಿದರೆ ಯಾದಗಿರಿ ಜಿಲ್ಲೆ. ಆ ಜಿಲ್ಲೆಯ ಮುದನೂರಿನವನು ನೇಕಾರ ದಾಸಿಮಯ್ಯ. ಅವನ ಅಂಕಿತ ರಾಮನಾಥ. ಅದು ಅವನ ಹೆಸರಲ್ಲ, ದೇವರ ಹೆಸರು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ಎಲ್ಲವೂ ಹಾಗೆಯೇ. ಬರೆದವನು ಹಿಂದೆ ಸರಿದು ಇಷ್ಟದೈವವನ್ನು ಮುಂದಿಡುತ್ತಾನೆ. ಆದರೂ ಆ ಹೆಸರಿನಿಂದಲೇ ಬರೆದವನ ಗುರುತು ಹತ್ತುತ್ತದೆ. ಇವರೆಲ್ಲರ ನಡುವೆ ಅಂಬಿಗರ ಚೌಡಯ್ಯನೊಬ್ಬ ತನ್ನ ಹೆಸರನ್ನೇ, ಕಸುಬಿನ ಸಮೇತ, ಅಂಕಿತವಾಗಿ ಇಟ್ಟುಕೊಂಡ. ಹುಟ್ಟು ಹಾಕುವವನು ವಚನದ ತುದಿಯಲ್ಲಿ ತನ್ನ ಹೆಸರನ್ನು ನಿಲ್ಲಿಸುವುದಕ್ಕೆ ಎಷ್ಟು ಎದೆಗಾರಿಕೆ ಬೇಕಾಯಿತೆಂಬುದನ್ನು ಬಿ.ಎ. ತರಗತಿಯಲ್ಲಿ ಕುಳಿತಾಗ ಅವಳು ಯೋಚಿಸಿರಲಿಲ್ಲ.

ಗದ್ವಾಲದ ಸೀಮೆಗೂ ಅಂಕಿತದ ನಂಟಿದೆ. ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ, ವಿಜಯದಾಸರಿಂದ ‘ಗೋಪಾಲವಿಠಲ’ ಎಂಬ ಅಂಕಿತ ಪಡೆದು ಗೋಪಾಲದಾಸರಾದರು. ಅವರ ಬಾಳಿನ ಕೊನೆಯ ಭಾಗ ಸವೆದದ್ದು ಗದ್ವಾಲ ಸೀಮೆಯ ಉತ್ತನೂರಿನಲ್ಲಿ. ದಾಸರಲ್ಲಿ ಅಂಕಿತವನ್ನು ತಾನೇ ಆರಿಸಿಕೊಳ್ಳುವಂತಿಲ್ಲ, ಗುರು ಕೊಡಬೇಕು. ಈ ಕಾಲದ ಸ್ವತಂತ್ರ ವಿನ್ಯಾಸಕಿಗೆ ಅಂಕಿತ ಕೊಡುವ ಗುರು ಯಾರು? ಅವಳೇ ಬರೆದು, ಅವಳೇ ಒಪ್ಪಿ, ಅವಳೇ ಹಾಕಿಕೊಳ್ಳಬೇಕು. ಹತ್ತು ದಿನ ಕಳೆಯಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಮನೆಯೊಳಗೇ ಇತ್ತು. ತಂದೆ ನೇಯ್ದ ಸಾವಿರಾರು ಸೀರೆಗಳಲ್ಲಿ ಒಂದರ ಮೇಲೂ ಅವನ ಹೆಸರಿರಲಿಲ್ಲ. ನೂಲು ಕೊಡುವವನು ಸಾಹುಕಾರ, ಕೂಲಿ ಕೊಡುವವನು ಅವನೇ, ಚೀಟಿಯ ಮೇಲೆ ಹೆಸರೂ ಅವನದೇ. ಇದರಲ್ಲಿ ಅನ್ಯಾಯವೇನಾದರೂ ಇದೆಯೆಂದು ತಂದೆ ಎಂದೂ ಆಡಿದ್ದಿಲ್ಲ. ಗದ್ವಾಲದ ನೇಕಾರರು ಪ್ರತಿವರ್ಷ ತಿರುಮಲದ ಬ್ರಹ್ಮೋತ್ಸವಕ್ಕೆ ವ್ರತ ಹಿಡಿದು ಜೋಡು ಪಂಚೆ ನೇಯುತ್ತಾರೆ. ಸಂಸ್ಥಾನದ ಕಾಲದಿಂದ ನಡೆದುಬಂದ ಸೇವೆ ಅದು. ಆ ಪಂಚೆ ದೇವರ ಮೈಮೇಲೆ ಏರುತ್ತದೆ. ಅದರ ಮೇಲೆ ಯಾರ ಹೆಸರಿರುತ್ತದೆ ಎಂದು ತಂದೆ ಕೇಳುತ್ತಿದ್ದ. ಆ ಪ್ರಶ್ನೆಗೆ ಉತ್ತರವಿಲ್ಲ, ನಿಜ. ಆದರೆ ಸಾಹುಕಾರ ದೇವರಲ್ಲವೆಂಬುದೂ ನಿಜವೇ.

ಹೆಸರು ತನ್ನದೇ ಇರಲಿ ಎಂದು ಒಂಬತ್ತನೆಯ ದಿನ ಅವಳು ನಿಶ್ಚಯಿಸಿದಳು. ಕೂಡಲೇ ಮತ್ತೊಂದು ತೊಡಕು: ಯಾವ ಲಿಪಿಯಲ್ಲಿ? ಮನೆಯ ಮಾತು ಕನ್ನಡ, ಬಜಾರಿನದು ತೆಲುಗು, ನೂಲಿನ ಅಂಗಡಿಯಲ್ಲಿ ಉರ್ದು, ಬೆಂಗಳೂರಿನ ಕೊಳ್ಳುಗರಿಗೆ ಇಂಗ್ಲಿಷ್. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲ್ಲೂಕು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಬಂತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಅದರಿಂದ ಕಳಚಿ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಗಳಾದವು. ಮಕ್ತಲು ಈಗ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಅಜ್ಜಿ ಒಂದೇ ಮನೆಯಲ್ಲಿ ಕುಳಿತು ಇಷ್ಟೆಲ್ಲ ವಿಳಾಸಗಳನ್ನು ಕಂಡವಳು. ಆಕೆಯ ಕನ್ನಡ ಮಾತ್ರ ಬದಲಾಗಲಿಲ್ಲ.

ಲಿಪಿಯ ವಿಷಯದಲ್ಲಿ ಅವಳು ತುಸು ಹೊತ್ತು ಆಟವಾಡಿದಳೆನ್ನಬೇಕು. ಕನ್ನಡ ತೆಲುಗು ಲಿಪಿಗಳು ಒಂದೇ ಬಳ್ಳಿಯ ಕವಲುಗಳು. ಗ, ದ, ನ, ರ, ಲ, ವ ಮುಂತಾದ ಅಕ್ಷರಗಳ ಒಡಲು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ, ಭೇದವಿರುವುದು ತಲೆಕಟ್ಟಿನಲ್ಲಿ. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಸಾಗಿ ಬಲಕ್ಕೆ ಬಳುಕುತ್ತದೆ, ತೆಲುಗಿನದು ಗೀಟು ಹಾಕಿದಂತೆ ಮೇಲಕ್ಕೆ ಚಿಮ್ಮುತ್ತದೆ. ಕ, ತ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡ ರೂಪಿಸಿದ ‘ಬಾಲೂ’ ಅಕ್ಷರಕುಲದಲ್ಲಿ ಕನ್ನಡದ ಅಕ್ಷರಗಳಿಗೆ ‘ಬಾಲೂ ತಮ್ಮ’ ಎಂದೂ ತೆಲುಗಿನವಕ್ಕೆ ‘ಬಾಲೂ ತಮ್ಮುಡು’ ಎಂದೂ ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಎರಡು ಭಾಷೆಯವರೂ ಓದಬಲ್ಲ ಒಂದೇ ರೂಪ ಬರೆಯಬಹುದೇ ಎಂದು ಅವಳು ಒಂದು ರಾತ್ರಿಯೆಲ್ಲ ತಿದ್ದಿದಳು. ಬಂದದ್ದು ಎರಡು ಕಡೆಯವರಿಗೂ ತಪ್ಪಾಗಿ ಕಾಣುವ ಒಂದು ಬರಹ. ಬೆಳಿಗ್ಗೆ ಅವ್ವ ಅದನ್ನು ನೋಡಿ, “ಯಾರರ ಅರ್ಧ ಬರ್ದು ಎದ್ದು ಹೋಗ್ಯಾರೇನು?” ಎಂದಳು. ಹೆಸರು ಕನ್ನಡದಲ್ಲಿ, ಅದರ ಕೆಳಗೆ ತೆಲುಗಿನಲ್ಲಿ, ಸಮ ಎತ್ತರದಲ್ಲಿ ಎಂದು ತೀರ್ಮಾನವಾಯಿತು. ಇಂಗ್ಲಿಷು ಚೀಟಿಯ ಹಿಂಬದಿಗೆ ಹೋಯಿತು.

ಲಾಂಛನ ಮಾತ್ರ ಹುಟ್ಟಲಿಲ್ಲ. ಎರಡನೆಯ ಪ್ರಯತ್ನವಾಗಿ ಅವಳು ಗದ್ವಾಲದ ಕಡೆ ಹೋದಳು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಹತ್ತಿಯ ಹೊಕ್ಕನ್ನು ಅಂಚಿನೊಳಕ್ಕೆ ಹಾಯಿಸಿದರೆ ರೇಷ್ಮೆಯ ಹೊಳಪು ಮಂಕಾಗುತ್ತದೆ. ಆದ್ದರಿಂದ ಮೂರು ಲಾಳಿ: ಎರಡು ಅಂಚಿಗೆ ಎರಡು, ಒಡಲಿಗೆ ಒಂದು. ಪ್ರತಿ ಎಳೆಯಲ್ಲಿಯೂ ಒಡಲಿನ ಹೊಕ್ಕು ಅಂಚಿನ ಹೊಕ್ಕನ್ನು ಕೊಕ್ಕೆಯಂತೆ ಹಿಡಿದು ಹಿಂದಿರುಗುತ್ತದೆ. ಇದನ್ನೇ ಅವರು ಕುಟ್ಟು ಎನ್ನುತ್ತಾರೆ. ಒಬ್ಬನಿಂದ ಆಗುವ ಕೆಲಸವಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಇಳಕಲ್ಲಿನವರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುವುದು ಉದ್ದಕ್ಕೆ, ಇದು ಅಡ್ಡಕ್ಕೆ. ಹತ್ತಿಯ ಎಳೆ, ರೇಷ್ಮೆಯ ಎಳೆ, ಎರಡೂ ಬಾಗಿ ಒಂದನ್ನೊಂದು ಹಿಡಿದ ರೂಪವನ್ನು ಅವಳು ಬರೆದಳು. ಎರಡು ಭಾಷೆ, ಎರಡು ರಾಜ್ಯ ಎಂದೆಲ್ಲ ಅರ್ಥವನ್ನೂ ಕಲ್ಪಿಸಿದಳು; ಪ್ರದರ್ಶನದವರಿಗೆ ಇಂಥ ಅರ್ಥ ಬಹಳ ಪ್ರಿಯ. ತಂದೆ ಈ ಸಲ ತುಸು ಸಿಟ್ಟಾದ.

“ಕುಟ್ಟು ಕಾಣಬಾರದು. ಕಂಡ್ರ ನೇಯ್ದಂವಗ ಕೈ ಕೂತಿಲ್ಲಂತ ಅರ್ಥ. ಇದನ್ನ ಇಷ್ಟು ದೊಡ್ಡದು ಮಾಡಿ ತೋರಸ್ತಿ ಏನು?”

ಅವಳಿಗೆ ಅಳು ಬಂತು. ಅರ್ಥವೆಲ್ಲ ಸರಿಯಾಗಿದ್ದು ಕಸುಬೇ ತಪ್ಪಾಗಿತ್ತು.

ಆ ಮಧ್ಯಾಹ್ನ ಅವ್ವ ಬಿಸಿಲಿಗೆ ಹಾಕಲೆಂದು ಪೆಟ್ಟಿಗೆ ತೆರೆದು ಸೀರೆಗಳನ್ನು ಹೊರತೆಗೆದಳು. ಅದರಲ್ಲಿ ಚೀಟಿಯಿಲ್ಲದ ಒಂದು ನಾರಾಯಣಪೇಟೆ ಸೀರೆಯಿತ್ತು. ಮದುವೆಯಾದ ವರ್ಷ ತಂದೆ ತನ್ನ ಕೂಲಿಯಲ್ಲಿ ಹಿಡಿಸಿಕೊಂಡು ಮನೆಗೆ ತಂದದ್ದು. ಅವಳು ತಮಾಷೆಗೆಂದು ಅದನ್ನು ಇನ್ನೂ ನಾಲ್ಕು ಸೀರೆಗಳ ನಡುವೆ ಸೇರಿಸಿ, ನೀನು ನೇಯ್ದದ್ದು ಯಾವುದೆಂದು ಕೇಳಿದಳು. ತಂದೆ ಬಣ್ಣ ನೋಡಲಿಲ್ಲ, ಗುಡಿಯನ್ನೂ ನೋಡಲಿಲ್ಲ. ಕಣ್ಣಿಗೆ ಪೊರೆ ಬಂದ ಮನುಷ್ಯ. ಒಂದೊಂದು ಸೀರೆಯ ಅಂಚಿನ ತುದಿಯ ಮೇಲೂ ಹೆಬ್ಬೆರಳು ಎಳೆದುಕೊಂಡು ಹೋಗಿ ಮೂರನೆಯದರಲ್ಲಿ ನಿಲ್ಲಿಸಿದ. “ಇದು.”

ಹೇಗೆಂದು ತಿಳಿಯಲು ಅವಳು ಆ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕಾಯಿತು. ನೇಯುವಾಗ ಬಟ್ಟೆಯ ಅಗಲ ಕುಗ್ಗದಿರಲೆಂದು ಎರಡೂ ತುದಿಗೆ ಚೂಪಾದ ಮೊಳೆಗಳುಳ್ಳ ಬಿದಿರಿನ ಕಡ್ಡಿಯನ್ನು ಅಡ್ಡಲಾಗಿ ಚುಚ್ಚಿ ನಿಲ್ಲಿಸುತ್ತಾರೆ. ಕೆಲವು ಅಂಗುಲ ನೇಯ್ದ ಮೇಲೆ ಅದನ್ನು ಕಿತ್ತು ಮುಂದಕ್ಕೆ ಚುಚ್ಚುತ್ತಾರೆ. ಹೀಗೆ ಸೀರೆಯ ಎರಡೂ ಅಂಚಿನುದ್ದಕ್ಕೆ ಸೂಜಿಯ ಮೊನೆಯಷ್ಟು ಸಣ್ಣ ತೂತುಗಳ ಗುಂಪುಗಳು ಉಳಿಯುತ್ತವೆ. ಕೈಮಗ್ಗದ ಬಟ್ಟೆಯೆಂದು ಗುರುತಿಸಲು ತಿಳಿದವರು ಹುಡುಕುವುದು ಇದನ್ನೇ. ತಂದೆಯ ಕಡ್ಡಿಯ ಬಲಗಡೆ ಐದು ಮೊಳೆಗಳಿದ್ದವು. ನಾಲ್ಕನೆಯದು ಎಂದೋ ಮುರಿದು, ಹೊಸದನ್ನು ಹಾಕಿಸದೆ ಹಾಗೆಯೇ ನಡೆಸಿದ್ದ. ಮೂರು ತೂತು, ಒಂದು ಖಾಲಿ, ಮತ್ತೊಂದು ತೂತು. ಆರು ಗಜದುದ್ದಕ್ಕೂ ಅದೇ ಮತ್ತೆ ಮತ್ತೆ.

ಹೆಸರಿಲ್ಲದ ಮೂವತ್ತು ವರ್ಷಗಳಲ್ಲಿ ಅವನು ಹಾಕಿದ ರುಜು ಅದೇ ಆಗಿತ್ತು. ಅವನಿಗೆ ಅದು ರುಜುವೆಂದು ಗೊತ್ತಿರಲಿಲ್ಲ, ಅಷ್ಟೇ.

ಸಂಜೆಯೊಳಗೆ ಚಿಹ್ನೆ ಸಿದ್ಧವಾಯಿತು. ಒಂದು ಸಾಲಿನಲ್ಲಿ ಮೂರು ಚುಕ್ಕಿ, ಒಂದು ತೆರಪು, ಒಂದು ಚುಕ್ಕಿ. ಬಳಿಕ ನಡೆದದ್ದು ಕಸುಬಿನ ಪರೀಕ್ಷೆ. ಉಗುರಿನಷ್ಟು ಚಿಕ್ಕದು ಮಾಡಿದರೂ ತೆರಪು ಕಾಣುತ್ತದೆಯೇ? ಒಂದೇ ಬಣ್ಣದಲ್ಲಿ ನಿಲ್ಲುತ್ತದೆಯೇ? ರಬ್ಬರಿನ ಮೊಹರಿನಲ್ಲಿ ಮಸಿ ಹರಡಿದಾಗ ಚುಕ್ಕಿಗಳು ಕೂಡಿಕೊಳ್ಳುವುದಿಲ್ಲವೇ? ಮೊಬೈಲಿನ ಪುಟ್ಟ ವೃತ್ತದೊಳಗೆ ಸಾಲು ಕತ್ತರಿಸಿಹೋಗುವುದಿಲ್ಲವೇ? ಮೊಹರಿಗಾಗಿ ಚುಕ್ಕಿಗಳ ಅಂತರವನ್ನು ಎರಡು ಸಲ ಹಿಗ್ಗಿಸಬೇಕಾಯಿತು. ಬಣ್ಣದ ಪ್ರಶ್ನೆಯನ್ನು ಮಗ್ಗವೇ ಬಿಡಿಸಿತು. ನಾರಾಯಣಪೇಟೆಯಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆ ಇಳಿಸುವ ರೂಢಿಯಿದೆ. ಹಾಸು ಒಂದೇ, ಹೊಕ್ಕು ಬದಲಾದಂತೆ ಸೀರೆಯ ಬಣ್ಣ ಬದಲು. ಆದರೂ ಎಂಟನ್ನೂ ಸಾಲಾಗಿ ಹರಡಿದರೆ ಒಂದು ತಾಯಿಯ ಮಕ್ಕಳೆಂದು ತಿಳಿಯುತ್ತದೆ. ಅವಳೂ ಚಿಹ್ನೆಯ ಅಂತರ, ಅಕ್ಷರದ ಎತ್ತರ, ಚೀಟಿಯ ಅಳತೆಗಳನ್ನು ಹಾಸಿನಂತೆ ಕದಲದ ಹಾಗೆ ಕಟ್ಟಿ, ಬಣ್ಣವನ್ನು ಮಾತ್ರ ಸೀರೆಗೆ ತಕ್ಕಂತೆ ಬಿಟ್ಟುಕೊಟ್ಟಳು. ಹೈದರಾಬಾದಿನ ತರಗತಿಯಲ್ಲಿ ದಪ್ಪ ಪುಸ್ತಕಗಳಿಂದ ಕಲಿತ ಪಾಠವನ್ನು ಕುಣಿಯ ಮೇಲೆ ಕುಳಿತು ಮತ್ತೊಮ್ಮೆ ಕಲಿತದ್ದಾಯಿತು.

ತಂದೆ ಚಿಹ್ನೆಯನ್ನು ನೋಡಿ ನಕ್ಕ. “ಅಂಗಡ್ಯಾಗ ಇವನ್ನ ಇಸ್ತ್ರಿ ತಿಕ್ಕಿ ಮುಚ್ಚತಾರ. ನೀ ತೆಗದು ತೋರಸ್ತಿ.” ಬೇಡವೆನ್ನಲಿಲ್ಲ. ತುಸು ಹೊತ್ತಿನ ಮೇಲೆ, ಎದ್ದು ಹೋಗುವಾಗ ಇನ್ನೊಂದು ಮಾತು ಸೇರಿಸಿದ: “ಅದು ನನ್ನ ಕಡ್ಡೀದು. ಈಗ ನೇಯೋರ ಕಡ್ಡಿಗೆ ಮೊಳಿ ಎಲ್ಲಾ ಅವ.”

ಆ ಮಾತಿಗೆ ಉತ್ತರ ಹುಡುಕದೆ ಚೀಟಿ ಮುದ್ರಿಸುವುದು ಅವಳಿಂದ ಆಗಲಿಲ್ಲ. ಈ ಸೀರೆಗಳನ್ನು ನೇಯ್ದವನು ಅವಳ ತಂದೆಯಲ್ಲ. ಮೂರು ಮಗ್ಗಗಳ ಮೂವರು. ಅವರ ಕೆಲಸದ ಮೇಲೆ ತನ್ನ ಹೆಸರು, ತನ್ನ ಮನೆಯ ಚುಕ್ಕಿ ಎಂದರೆ ಸಾಹುಕಾರನ ಚೀಟಿಗೂ ಇದಕ್ಕೂ ಇರುವ ವ್ಯತ್ಯಾಸವೇನು? ಅವಳು ಚಿಹ್ನೆಯ ತೆರಪಿನ ನೇರಕ್ಕೆ, ಚೀಟಿಯ ಕೆಳಭಾಗದಲ್ಲಿ, ಒಂದು ಖಾಲಿ ಗೆರೆ ಎಳೆದಳು. ನೇಯ್ದವರು ತಮ್ಮ ಕೈಯಿಂದ, ತಮಗೆ ಬರುವ ಲಿಪಿಯಲ್ಲಿ ಹೆಸರು ಬರೆಯಲಿಕ್ಕೆಂದು.

ಚೀಟಿಗಳು ಮುದ್ರಣವಾಗಿ ಬಂದ ಮೇಲೆ ಅವಳು ಅವನ್ನು ಹಿಡಿದುಕೊಂಡು ಬಸ್ಸು ಹತ್ತಿದಳು. ಗದ್ವಾಲದ ಮಗ್ಗದಲ್ಲಿ ಗಂಡಹೆಂಡಿರಿಬ್ಬರೂ ಕೂಡಿ ನೇಯುತ್ತಾರೆ. ಗಂಡ ತೆಲುಗಿನಲ್ಲಿ ತನ್ನ ಹೆಸರು ಬರೆದು, ತುಸು ತಡೆದು, ಪಕ್ಕದಲ್ಲಿ ಹೆಂಡತಿಯ ಹೆಸರನ್ನೂ ಬರೆದ. ಗೆರೆಯ ಅಳತೆ ಸಾಲದೆ ಕೊನೆಯ ಅಕ್ಷರ ಅಂಚಿಗೆ ತಾಗಿತು. ಒಬ್ಬರ ಹೆಸರಿಗಷ್ಟೇ ಜಾಗ ಬಿಟ್ಟದ್ದು ಅವಳ ಲೆಕ್ಕದ ತಪ್ಪು. ಮುಂದಿನ ಮುದ್ರಣಕ್ಕೆ ಗೆರೆಯನ್ನು ಉದ್ದ ಮಾಡಬೇಕೆಂದು ಬರೆದುಕೊಂಡಳು. ನಾರಾಯಣಪೇಟೆಯ ಒಬ್ಬ ಹಿರಿಯ ಕನ್ನಡದಲ್ಲಿ, ಶಾಲೆಯ ದುಂಡಕ್ಷರದಲ್ಲಿ, ಪ್ರತಿ ಚೀಟಿಗೂ ಐದು ನಿಮಿಷ ತೆಗೆದುಕೊಂಡು ಬರೆದ.

ಎರಡನೆಯವನು ಚೀಟಿಗಳನ್ನು ಮರಳಿ ಕೊಟ್ಟ. ಅವನು ಕುಳಿತ ಮಗ್ಗ ಅವನದಲ್ಲ. ಅವಳ ಹಾಸು ಮುಗಿದ ಮರುದಿನದಿಂದ ಮಗ್ಗದ ಒಡೆಯನ ಕೆಲಸ ಹಿಡಿಯಬೇಕು. ಬೆಂಗಳೂರಿನಲ್ಲಿ ಯಾರ ಕೈಗೋ ಸಿಕ್ಕು, ಇಂಥವನು ಹೊರಗಿನವರಿಗೆ ನೇಯ್ದನೆಂದು ಇಲ್ಲಿ ತಿಳಿದರೆ ನೂಲು ನಿಲ್ಲುತ್ತದೆ. “ಹೆಸರು ಬೇಡ ತಂಗಿ, ಕೂಲಿ ಸರಿಯಾಗಿ ಬಂದದ, ಸಾಕು” ಎಂದ. ಅವಳು ಒತ್ತಾಯಿಸಲಿಲ್ಲ. ತನ್ನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಆ ಗೆರೆಯ ಮೇಲೆ ಬರೆಯುವುದೂ ಬೇಡವೆನಿಸಿತು. ಹೊರಡುವ ಮುನ್ನ ಅವನ ಮಗ್ಗದ ಮೇಲಿದ್ದ ಬಿದಿರಿನ ಕಡ್ಡಿಯನ್ನು ನೋಡಿದಳು. ಎರಡೂ ಕಡೆ ಮೊಳೆಗಳು ಪೂರ್ತಿಯಾಗಿದ್ದವು.

ಅವನು ನೇಯ್ದ ಎಂಟು ಸೀರೆಗಳು, ಎಂಟು ಖಾಲಿ ಗೆರೆಗಳೊಂದಿಗೆ, ಬೆಂಗಳೂರಿಗೆ ಹೋದವು.